ತತ್ವಶಾಸ್ತ್ರದ ಎಂಎ ತರಗತಿಯಲ್ಲಿ ವಾದ ಎಲ್ಲಿ ಹೋಯಿತು?

ನಮಸ್ಕಾರ. ತತ್ವಶಾಸ್ತ್ರದಲ್ಲಿ ಎಂಎ ಮಾಡುತ್ತೇನೆ ಅಂದರೆ ಮನೆಯವರು ಮೊದಲು ಕೇಳುವುದು, ಮುಂದೆ ಏನು ಕೆಲಸ ಸಿಗುತ್ತೆ ಅಂತ. ನ್ಯಾಯವಾದ ಪ್ರಶ್ನೆಯೇ. ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಆ ಎರಡು ವರ್ಷ ಕ್ಲಾಸಿನ ಒಳಗೆ ಏನು ನಡೆಯುತ್ತೆ ಅಂತ ಯಾರೂ ಕೇಳುವುದಿಲ್ಲ. ನನಗೆ ಸಂಕಟ ಆಗುವುದು ಅಲ್ಲಿ.

ಒಂದೇ ಪಾಠ ತಗೊಳ್ಳೋಣ. ನ್ಯಾಯದರ್ಶನದ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದ, ಅನುಮಾನ. ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ಊಹಿಸುವುದು. ಬೆಟ್ಟದಲ್ಲಿ ಬೆಂಕಿ ಇದೆ. ಯಾಕೆಂದರೆ ಹೊಗೆ ಕಾಣಿಸುತ್ತಿದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತೆ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬರೆಸಿದರು, ಬರೆದುಕೊಂಡರು, ಕೆಳಗೆ ಗೆರೆ ಎಳೆದರು, ಪರೀಕ್ಷೆಗೆ ಬರುತ್ತೆ ಅಂತ ಪಕ್ಕದಲ್ಲಿ ಒಂದು ಸ್ಟಾರ್ ಹಾಕಿಕೊಂಡರು. ಮುಗೀತು.

ಪಾಠ ಶುರುವಾಗಬೇಕಾದ್ದೇ ಅಲ್ಲಿಂದ! ಮೊದಲ ಸಾಲೂ ಕೊನೆಯ ಸಾಲೂ ಒಂದೇ ಅಲ್ವಾ, ಎರಡು ಸಲ ಯಾಕೆ ಹೇಳಬೇಕು? ನನಗೆ ನಾನೇ ಊಹಿಸಿಕೊಳ್ಳುವಾಗ ಇಷ್ಟೆಲ್ಲ ಬೇಕಿಲ್ಲ. ಎದುರಿಗೆ ಒಪ್ಪದವನೊಬ್ಬ ಕೂತಿದ್ದಾನೆ, ಅವನನ್ನು ಒಪ್ಪಿಸುವುದಕ್ಕೆ ಈ ಐದು ಹಂತ. ಸರಿ, ಈಗ ತಿರುಗಿಸಿ ನೋಡಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತಾ? ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಹೀಗೆ ಒಳಗೆ ಸುಮ್ನೆ ಕೂತಿರುವ ಷರತ್ತನ್ನು ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಉಪಾಧಿ ಅಂದರು. ಅಷ್ಟರಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಚಾರ್ವಾಕ ಎದ್ದು ನಿಲ್ಲುತ್ತಾನೆ: ನೀನು ಕಣ್ಣಾರೆ ನೋಡಿದ್ದು ನಾಲ್ಕು ಒಲೆ, ನೋಡದೇ ಇರುವ ಒಲೆಗಳ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀಯ? ಇದಕ್ಕೆ ತೀರಾ ಹತ್ತಿರದ ಪ್ರಶ್ನೆಯನ್ನೇ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1739ರಲ್ಲಿ ಎತ್ತಿದ್ದ. ಇವತ್ತಿನವರೆಗೆ ನಡೆದದ್ದು ನಾಳೆಯೂ ಹಾಗೇ ನಡೆಯುತ್ತೆ ಅನ್ನುವುದಕ್ಕೆ ಆಧಾರ ಏನು ಅಂತ. ಆದರೆ ಚಾರ್ವಾಕ ಭಾರತೀಯ ದರ್ಶನದ ಪೇಪರಿನಲ್ಲಿ, ಹ್ಯೂಮ್ ಪಾಶ್ಚಾತ್ಯ ದರ್ಶನದ ಪೇಪರಿನಲ್ಲಿ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವವರು ಕಡಿಮೆ.

ಹೀಗೆ ಕ್ಲಾಸಿನಲ್ಲಿ ವಿಚಾರ ಮಾಡುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ರಾಧಾಕೃಷ್ಣನ್ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅದೇ ಮೈಸೂರಿನಲ್ಲಿ ಎಂ. ಹಿರಿಯಣ್ಣನವರು ವರ್ಷಗಟ್ಟಲೆ ಮಾಡಿದ ಪಾಠಗಳೇ 1932ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. ಭಾರತೀಯ ದರ್ಶನ ಓದುವವರು ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಅಂದರೆ ಕ್ಲಾಸಿನಲ್ಲಿ ನಡೆದ ವಿಚಾರ ಪುಸ್ತಕವಾಗಿತ್ತು. ಈಗ ಪುಸ್ತಕ ನೋಟ್ಸ್ ಆಗುತ್ತೆ, ನೋಟ್ಸ್ ಡಿಕ್ಟೇಷನ್ ಆಗುತ್ತೆ, ಆಮೇಲೆ ಅದರ ಜೆರಾಕ್ಸ್ ಮುಂದಿನ ಬ್ಯಾಚಿಗೆ ಹೋಗುತ್ತೆ. ಮೂಲದ ಒಂದು ಪುಟವನ್ನೂ ಮುಟ್ಟದೆ ಡಿಗ್ರಿ ಕೈಗೆ ಬರುತ್ತೆ.

ತಪ್ಪೆಲ್ಲ ಮೇಷ್ಟ್ರುಗಳದ್ದು ಅಂತ ನಾನು ಹೇಳುವುದಿಲ್ಲ. ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ ಕೊಡುವ ಯುಜಿಸಿ ನೆಟ್ ಪರೀಕ್ಷೆ ನೋಡಿ. ಎರಡು ಪೇಪರ್ ಸೇರಿ 150 ಪ್ರಶ್ನೆ, ಮೂರು ಗಂಟೆ, ಎಲ್ಲವೂ ನಾಲ್ಕರಲ್ಲಿ ಒಂದನ್ನು ಆರಿಸುವಂಥವು. ಯಾರು ಯಾವ ಪುಸ್ತಕ ಬರೆದರು, ಯಾವ ವಾದ ಯಾರದ್ದು, ಹೊಂದಿಸಿ. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಬಂದರೆ ತಿಂಗಳಿಗೆ 37,000 ರೂಪಾಯಿ. ಮನೆಯಿಂದ ದುಡ್ಡು ತರಿಸಿಕೊಳ್ಳಲು ಆಗದ ವಿದ್ಯಾರ್ಥಿಗೆ ಅದು ಪಿಎಚ್‌ಡಿ ಮಾಡುವುದಕ್ಕೂ ಊರಿಗೆ ವಾಪಸ್ ಹೋಗುವುದಕ್ಕೂ ಇರುವ ವ್ಯತ್ಯಾಸ. ಅಂಥವರಿಗೆ ನೋಟ್ಸ್ ಬಿಸಾಕು ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಇದರ ಮೇಲೆ ತತ್ವಶಾಸ್ತ್ರದ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಓದಿ ಬಂದ ಹುಡುಗಿ ಯೋಚನೆ ಒಂದು ಭಾಷೆಯಲ್ಲಿ ಮಾಡಿ ಉತ್ತರ ಇನ್ನೊಂದರಲ್ಲಿ ಹುಡುಕಬೇಕು. ಇದು ಅನ್ಯಾಯ, ಇದನ್ನು ಜೋರಾಗಿಯೇ ಹೇಳಬೇಕು.

ನೆಟ್ ಬದಲಾಗುವವರೆಗೆ ಕಾಯಬೇಕಾ? ಬೇಡ. ಇಂಟರ್ನಲ್ ಅಂಕಗಳು ಮೇಷ್ಟ್ರುಗಳ ಕೈಯಲ್ಲೇ ಇವೆ. ಈಗ ಅವು ಹೆಚ್ಚಾಗಿ ಹೋಗುವುದು ಇಂಟರ್ನೆಟ್ಟಿನಿಂದ ಇಳಿಸಿದ ಅಸೈನ್‌ಮೆಂಟಿಗೆ. ಅದರ ಬದಲು ಮೂಲದ ಒಂದೇ ಒಂದು ಪುಟ ಕೊಡಿ ಸರ್. ವಾರವಿಡೀ ಅದನ್ನೇ ಓದಿಸಿ. ಆಮೇಲೆ ಆ ಪುಟಕ್ಕೆ ಬರಬಹುದಾದ ಅತಿ ಗಟ್ಟಿ ಪೂರ್ವಪಕ್ಷವನ್ನು, ಅಂದರೆ ಒಪ್ಪದವನ ಆಕ್ಷೇಪವನ್ನು, ವಿದ್ಯಾರ್ಥಿ ತಾನೇ ಬರೆಯಲಿ, ಕನ್ನಡದಲ್ಲೇ ಬರೆಯಲಿ, ಎಲ್ಲರ ಮುಂದೆ ನಿಂತು ಓದಲಿ, ಉಳಿದವರು ಅದನ್ನು ಮುರಿಯಲು ನೋಡಲಿ. ಇದಕ್ಕೆ ಸಿಲಬಸ್ ತಿದ್ದಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ. ಬರುವ ಸೋಮವಾರವೇ ಶುರು ಮಾಡಬಹುದು.