ಹಕ್ಕಿಗಳ ಹಳೆಯ ಹೆಸರು ಹುಡುಕುತ್ತಾ

ಎಲ್ಲರಿಗೂ ನಮಸ್ಕಾರ.

ನಾನು ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಷಿಯಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಗುರುತು ಹಿಡಿದ ಹಕ್ಕಿ ಬ್ಲೂ ಜೇ. ನೀಲಿ ಬೆನ್ನು, ತಲೆ ಮೇಲೆ ಜುಟ್ಟು. ಹಿತ್ತಲಲ್ಲಿಟ್ಟ ಕಡಲೆಕಾಯನ್ನು ಗಂಟಲಿಗೆ ತುಂಬಿಕೊಂಡು ಹಾರಿಹೋಗುತ್ತಿತ್ತು. ಈ ನೆಲದ ಮೂಲ ಜನರಾದ ಮಿಕ್ಮಾಕರು ಅದನ್ನು ತಿದಿಯೆಸ್ ಅನ್ನುತ್ತಾರೆ. ಇಂಗ್ಲಿಷ್ ಹೆಸರಲ್ಲಿ ಬಣ್ಣ ಮುಂದೆ ನಿಂತಿದೆ. ತಿದಿಯೆಸ್ ಅನ್ನುವುದನ್ನು ಬೇಗ ಬೇಗ ಹೇಳಿ ನೋಡಿ, ನನಗಂತೂ ಹಕ್ಕಿಯೇ ಕೂಗಿದ ಹಾಗೆ ಕೇಳುತ್ತದೆ.

ಗೂಬೆಗೆ ಅವರ ಹೆಸರು ಕೂಗೂಗ್ವೆಸ್. ಇದಕ್ಕೆ ವಿವರಣೆಯೇ ಬೇಡ ಅಲ್ವಾ? ಕಾಗೆ ಕಾಗಗುಚ್. ನಮ್ಮ ಕಾಗೆಗೂ ಈ ಪದಕ್ಕೂ ನೆಂಟಸ್ತನವಿಲ್ಲ. ಎರಡೂ ಕಡೆಯ ಜನ ಅದೇ ಕಾ ಕಾ ಕೇಳಿದ್ದಾರೆ, ಅಷ್ಟೇ.

ಈ ಹೆಸರುಗಳನ್ನು ಪುಸ್ತಕದಲ್ಲಿ ಹುಡುಕಲು ಹೋದರೆ ಕಾಗುಣಿತವೇ ದಾರಿ ತಪ್ಪಿಸುತ್ತದೆ. ಸೈಲಸ್ ರ‍್ಯಾಂಡ್ ಎಂಬ ಪಾದ್ರಿಯ ಮಿಕ್ಮಾಕ್ ನಿಘಂಟು 1888ರಲ್ಲಿ ಬಂತು. ಅವರದು ಒಂದು ಬಗೆಯ ಬರವಣಿಗೆ. ಇಂದು ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಭಾಷಾತಜ್ಞರಾದ ಬರ್ನಿ ಫ್ರಾನ್ಸಿಸ್ ಮತ್ತು ಡಗ್ ಸ್ಮಿತ್ ರೂಪಿಸಿದ ಕ್ರಮ. ಅದರಲ್ಲಿ ಕ ಎಂದು ಬರೆದದ್ದು ಎರಡು ಸ್ವರಗಳ ನಡುವೆ ಬಂದರೆ ಗ ಆಗಿ ಕೇಳುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆದದ್ದನ್ನು ಶಾಲೆಯಲ್ಲಿ ಕಲಿತ ನಮಗೆ ಇದು ಕಷ್ಟವೇ ಅಲ್ಲ. ಅದಕ್ಕೇ ಹೇಳುತ್ತೇನೆ, ಕಣ್ಣಿಂದ ಓದಬೇಡಿ, ಬಾಯಿ ಬಿಟ್ಟು ಓದಿ. ಬೇರೆ ಬೇರೆ ಅನಿಸಿದ ಎರಡು ಪದ ಒಂದೇ ಎಂದು ಆಗ ಗೊತ್ತಾಗುತ್ತದೆ.

ಕಡಲು ದಾಟಿ ಬಂದ ಇಂಗ್ಲಿಷ್ ಜನರೂ ಸುಮ್ನೆ ಹೆಸರಿಡಲಿಲ್ಲ. ಜೌಗಿನಲ್ಲಿ ಅಡಗಿ ಕೂಗುವ ಬಿಟರ್ನ್ ಹಕ್ಕಿಯನ್ನು ಸ್ಟೇಕ್ ಡ್ರೈವರ್, ಅಂದರೆ ಗೂಟ ಹೊಡೆಯುವವನು, ಎಂದರು. ಕೆಸರಿಗೆ ಗೂಟ ಬಡಿದ ಸದ್ದೇ ಅದರ ಕೂಗು. ರಾಬಿನ್ ವಿಷಯ ಬೇರೆ. ಕೆಂಪು ಎದೆ ಕಂಡ ಕೂಡಲೇ ಊರಿನ ರಾಬಿನ್ ನೆನಪಾಗಿ ಅದೇ ಹೆಸರು ಕೊಟ್ಟರು. ಇದು ಅದಕ್ಕಿಂತ ದೊಡ್ಡದು, ಬೇರೆಯದೇ ಹಕ್ಕಿ.

ಆ ಎದೆ ಕೆಂಪಾದದ್ದು ಹೇಗೆ ಎಂಬ ಕತೆ ಮಿಕ್ಮಾಕರಲ್ಲಿದೆ. ಅದನ್ನು ಆಕಾಶದಲ್ಲೇ ನೋಡಬಹುದು. ನಮ್ಮ ಸಪ್ತರ್ಷಿ ಮಂಡಲದ ಚೌಕದ ನಾಲ್ಕು ನಕ್ಷತ್ರ ಸೇರಿ ಅವರಿಗೆ ಮುಯಿನ್, ಅಂದರೆ ಕರಡಿ. ಅದರ ಬೆನ್ನು ಹತ್ತಿದ ಬೇಟೆಗಾರರು ಏಳು ಹಕ್ಕಿಗಳು. ಬಾಲದ ಮೊದಲ ನಕ್ಷತ್ರ ಚಿಪ್ಚಾವೆಚ್, ಅದೇ ರಾಬಿನ್. ಎರಡನೆಯದು ಚಿಕಡಿ ಎಂಬ ಪುಟ್ಟ ಹಕ್ಕಿ. ನಮಗೆ ಅದು ವಸಿಷ್ಠ. ಪಕ್ಕದಲ್ಲಿ ಮಿನುಗುವ ಅರುಂಧತಿ ಇದೆಯಲ್ಲ, ಮದುವೆಯಲ್ಲಿ ತೋರಿಸುತ್ತಾರಲ್ಲ, ಅದು ಚಿಕಡಿ ಹೊತ್ತು ತರುವ ಅಡುಗೆ ಪಾತ್ರೆ! ಇದನ್ನು ಮೊದಲು ಓದಿದ ರಾತ್ರಿ ನಾನು ಕೋಟು ಹಾಕಿಕೊಂಡು ಹೊರಗೆ ಹೋಗಿ ಬಹಳ ಹೊತ್ತು ನಿಂತಿದ್ದೆ.

ಶರತ್ಕಾಲದಲ್ಲಿ ರಾಬಿನ್ ಬಾಣ ಬಿಡುತ್ತದೆ. ಕರಡಿಯ ರಕ್ತ ಅದರ ಮೈಗೆಲ್ಲ ಸಿಡಿಯುತ್ತದೆ. ಮೇಪಲ್ ಮರಕ್ಕೆ ಹಾರಿ ಮೈ ಕೊಡವಿಕೊಳ್ಳುತ್ತದೆ, ಎಲೆ ಕೆಂಪಾಗುತ್ತದೆ. ಎದೆಯ ಮೇಲಿನದು ಮಾತ್ರ ಹೋಗುವುದಿಲ್ಲ.

ಬಾಲದ ಮೂರು ಹಕ್ಕಿಗಳ ಹಿಂದೆ ಬರುತ್ತಿದ್ದ ಉಳಿದ ನಾಲ್ಕು ಹಕ್ಕಿಗಳು ಅಷ್ಟರೊಳಗೆ ದಾರಿ ತಪ್ಪಿರುತ್ತವೆ. ಆ ಹೊತ್ತಿಗೆ ಆ ನಕ್ಷತ್ರಗಳು ಇಲ್ಲಿ ದಿಗಂತದ ಕೆಳಗೆ ಇಳಿಯುತ್ತವೆ. ನಮ್ಮ ಸ್ವಾತಿ ಅವುಗಳಲ್ಲೊಂದು, ಅವರಿಗೆ ಅದು ಗೂಬೆ. ಇನ್ನೊಂದು ಪ್ಲೆಸ್, ಪ್ಯಾಸೆಂಜರ್ ಪಿಜನ್. ಒಂದು ಕಾಲದಲ್ಲಿ ಗುಂಪು ಗುಂಪಾಗಿ ಆಕಾಶ ಮುಚ್ಚುತ್ತಿದ್ದ ಪಾರಿವಾಳ ಅದು. ಕೊನೆಯದು 1914ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಕಾಡಿನಲ್ಲಿ ಬೆರಳು ತೋರಿಸಿ ಪ್ಲೆಸ್ ಅನ್ನಲು ಈಗ ಏನೂ ಉಳಿದಿಲ್ಲ.

ಚಳಿ ಕಳೆದ ಮೇಲೆ ಒಂದು ರಾತ್ರಿ ಹೊರಗೆ ಬನ್ನಿ. ಬಾಲದ ಮೂರು ನಕ್ಷತ್ರ ಎಣಿಸಿ. ಆಮೇಲೆ ಬೇಟೆಯ ಸಾಲಿನಲ್ಲಿ ನಾಲ್ಕನೆಯದನ್ನು ಹುಡುಕಿ. ಸ್ವಾತಿಗಿಂತ ತುಂಬಾ ಮಂಕಾಗಿದೆ, ಸ್ವಲ್ಪ ತಾಳ್ಮೆ ಬೇಕು. ಪ್ಲೆಸ್ ಅಲ್ಲಿದೆ.