ಪುಟ ಬರೆದವರ ಪದ ಹಿಡಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ನೆಟ್‌ನಲ್ಲಿ ಬೇಕಾದ ಪುಸ್ತಕ, ಬರಹ ಹುಡುಕುವುದು ಹೇಗೆ ಎಂಬುದು ಇವತ್ತಿನ ಮಾತು.

ಹೋದ ತಿಂಗಳು ಗದಗಿನಿಂದ ಒಬ್ಬ ಹುಡುಗಿ ಬಂದಿದ್ದಳು. ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ. ಬ್ರಿಟಿಷರ ಕಾಲದ ಬೆಟಗೇರಿ ನೇಕಾರರ ಬಗ್ಗೆ ಪ್ರಬಂಧ ಬರೆಯಬೇಕಂತೆ. ‘ಮೂರು ದಿನ ಹುಡುಕೀನ್ರಿ ಸರ್, ನೆಟ್‌ನ್ಯಾಗ ಏನೂ ಸಿಗವಲ್ದು’ ಅಂದಳು. ಮೊಬೈಲ್ ಇಸಿದುಕೊಂಡು ನೋಡಿದೆ. ‘ಗದಗ ಜಿಲ್ಲೆಯ ನೇಕಾರರು’ ಎಂದು ಇಂಗ್ಲಿಷ್‌ನಲ್ಲಿ ಹುಡುಕಿದ್ದಳು. ಬಂದದ್ದೆಲ್ಲ ಸೀರೆ ಅಂಗಡಿಗಳ ಜಾಹೀರಾತು!

ಗದಗ ಜಿಲ್ಲೆ ಆದದ್ದೇ 1997ರಲ್ಲಿ. ಹಾವೇರಿಯೂ ಅದೇ ವರ್ಷ. ಅದಕ್ಕೂ ಮೊದಲು ಇವೆರಡೂ ಧಾರವಾಡ ಜಿಲ್ಲೆಯೊಳಗೇ ಇದ್ದವು. ಹಳೇ ಪುಸ್ತಕದಲ್ಲಿ ‘ಗದಗ ಜಿಲ್ಲೆ’ ಎಲ್ಲಿಂದ ಬರಬೇಕು ಹೇಳಿ? ಇನ್ನು ಆಗಿನ ಇಂಗ್ಲಿಷರು ಧಾರವಾಡದ ಕೊನೆಗೆ ಡಿ ಬದಲು ಆರ್ ಬರೆಯುತ್ತಿದ್ದರು. ‘ಧಾರ್ವಾರ್’ ಅಂತ. ಹುಬ್ಬಳ್ಳಿ ಅವರಿಗೆ ‘ಹುಬ್ಲಿ’, ಬೆಟಗೇರಿ ‘ಬೆಟ್ಗೇರಿ’. ನಮಗೆ ಬೇಕಾದ ಪುಟ ಬರೆದವರು ಯಾವ ಪದ ಬಳಸಿದ್ದಾರು ಎಂದು ಮೊದಲು ಊಹಿಸಬೇಕು. ಟೈಪ್ ಮಾಡುವುದು ಆಮೇಲೆ.

ಕಾಗುಣಿತ ಬದಲಿಸಿದೆವು. ಹಳೇ ಪುಸ್ತಕಗಳ ಸ್ಕ್ಯಾನ್ ಪ್ರತಿ ಇಡುವ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಮುಂಬಯಿ ಪ್ರಾಂತ್ಯದ ಗೆಜೆಟಿಯರ್, ಅಂದರೆ ಜಿಲ್ಲೆಗಳ ಬಗ್ಗೆ ಸರ್ಕಾರ ಬರೆಸಿದ ವಿವರಗ್ರಂಥ, ಸಿಕ್ಕಿತು. 1884ರಲ್ಲಿ ಅಚ್ಚಾದ 22ನೇ ಸಂಪುಟ, ಪೂರ್ತಿ ಧಾರವಾಡ ಜಿಲ್ಲೆಯದು. ಅದೂ ಪುಕ್ಕಟೆ!

ಕನ್ನಡ ಪುಸ್ತಕಗಳದು ಬೇರೆಯೇ ಫಜೀತಿ. ಸ್ಕ್ಯಾನ್ ಮಾಡಿದವರು ಹೆಸರನ್ನು ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿ, ತೋಚಿದ ಹಾಗೆ ಬರೆದಿರುತ್ತಾರೆ. ‘ಚರಿತ್ರೆ’ ಎಂಬ ಒಂದೇ ಪದ ಮೂರು ವೇಷದಲ್ಲಿ ಕೂತಿರುತ್ತದೆ. ಕನ್ನಡದಲ್ಲಿ ಹುಡುಕಿ, ಸಿಗದಿದ್ದರೆ ಆ ವೇಷಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ. ಬೇಜಾರಿನ ಕೆಲಸವೇ, ಬೇರೆ ದಾರಿಯಿಲ್ಲ.

ಗೂಗಲ್‌ನ ಚಿಹ್ನೆಗಳು ಬಹಳ ಜನರಿಗೆ ಗೊತ್ತು, ಬಳಸುವವರು ಕಡಿಮೆ. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದೇ ಸಾಲು ಇರುವ ಪುಟಗಳು ಬರುತ್ತವೆ. ಬೇಡದ ಪದದ ಮೊದಲಿಗೆ ಮೈನಸ್ ಅಂಟಿಸಿ. ಆ ಹುಡುಗಿ ‘ಮೈನಸ್ ಸೀರೆ’ ಹಾಕಿದ್ದರೆ ಅರ್ಧ ಅಂಗಡಿ ಬಾಗಿಲು ಮುಚ್ಚುತ್ತಿದ್ದವು, ಅಲ್ವಾ? ಫೈಲ್‌ಟೈಪ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಪಿಡಿಎಫ್ ಎಂದರೆ ಪಿಡಿಎಫ್ ಕಡತಗಳಷ್ಟೇ ಬರುತ್ತವೆ.

ಶೋಧಗಂಗಾ ಎಂಬ ಜಾಲತಾಣ ಮಾತ್ರ ನನಗೆ ಬಲು ಇಷ್ಟ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ. ದೇಶದ ನಾನಾ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿವೆ, ನಮ್ಮ ಕರ್ನಾಟಕ ವಿಶ್ವವಿದ್ಯಾಲಯದವೂ ಇವೆ. ನಾನು ಅವನ್ನು ಹಿಂದಿನಿಂದ ಓದುತ್ತೇನೆ. ಕೊನೆಗೆ ಗ್ರಂಥಸೂಚಿ ಇರುತ್ತದಲ್ಲ, ಅಲ್ಲಿಂದ. ಯಾರೋ ನಾಲ್ಕೈದು ವರ್ಷ ಧೂಳು ಕುಡಿದು ಮಾಡಿದ ಪಟ್ಟಿ ಅದು. ಅಲ್ಲಿ ಕಂಡ ಒಂದು ಬರಹದ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ, ಅಂದರೆ ವಿದ್ವತ್ ಬರಹ ಹುಡುಕುವ ಗೂಗಲ್‌ನಲ್ಲಿ, ಹಾಕಿದರೆ, ಆ ಬರಹವನ್ನು ಆಮೇಲೆ ಯಾರ್‍ಯಾರು ಉಲ್ಲೇಖಿಸಿದ್ದಾರೆ ಎಂಬುದೂ ತಿಳಿಯುತ್ತದೆ. ಹಿಂದಕ್ಕೂ ದಾರಿ, ಮುಂದಕ್ಕೂ ದಾರಿ.

ಈಗ ಎಐಗೆ ಕೇಳುವವರೇ ಜಾಸ್ತಿ. ಕೇಳಿ, ತಪ್ಪೇನಿಲ್ಲ. ಆದರೆ ಅದು ಇಲ್ಲದ ಪುಸ್ತಕಕ್ಕೂ ಚೆಂದದ ಹೆಸರಿಟ್ಟು ಕೊಡುತ್ತದೆ. ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಮೊನ್ನೆ ಹುಡುಗಿ ಫೋನ್ ಮಾಡಿದ್ದಳು. ಅವಳು ಇಳಿಸಿಕೊಂಡ ಪ್ರತಿಯಲ್ಲಿ ನೇಯ್ಗೆಯ ಭಾಗದ ಒಂದು ಪುಟ ಮಸುಕಾಗಿದೆಯಂತೆ. ಸೋಮವಾರ ಬೆಳಗಿನ ಬಸ್ಸಿಗೆ ಧಾರವಾಡಕ್ಕೆ ಬರುತ್ತಾಳೆ, ಅಚ್ಚಿನ ಪ್ರತಿ ಹುಡುಕಲು. ನಮಸ್ಕಾರ.