ಮೊದಲು ಕೀಮೋ, ಆಮೇಲೆ ಕತ್ತರಿ

ನಮಸ್ಕಾರ. ಹೋದ ಸಂಚಿಕೆಗೆ ಬಂದ ಒಂದು ಕಾಮೆಂಟ್ ಎರಡು ದಿನದಿಂದ ನನ್ನ ನಿದ್ದೆ ಕೆಡಿಸಿದೆ. “ಜಠರದಲ್ಲಿ ಕ್ಯಾನ್ಸರ್ ಗಡ್ಡೆ ಇಟ್ಟುಕೊಂಡು ಎರಡು ತಿಂಗಳು ಕೀಮೋ ಕೊಡುವುದು ದುಡ್ಡು ಕೀಳುವ ದಾರಿ. ಮೊದಲು ಕೊಯ್ದು ಬಿಸಾಡಬೇಕು.” ಅದಕ್ಕೆ ಬಿದ್ದ ಲೈಕುಗಳು ನನ್ನ ಸಂಚಿಕೆಗೂ ಬಿದ್ದಿಲ್ಲ!

ಸ್ವಾಮಿ, ಜಠರ ಕೊಯ್ಸಿಕೊಂಡು ಮನೆಗೆ ಬಂದವರನ್ನು ನೋಡಿದ್ದೀರಾ? ನಮ್ಮ ಸೋದರಮಾವನಿಗೆ ಮೊದಲೇ ಆಪರೇಷನ್ ಆಯಿತು. ಕೂತಲ್ಲೇ ಎರಡು ಮುದ್ದೆ ಮುಗಿಸುತ್ತಿದ್ದವರು ಅರ್ಧ ಇಡ್ಲಿಯನ್ನು ಇಪ್ಪತ್ತು ನಿಮಿಷ ಚಿವುಟುತ್ತಾ ಕೂರುತ್ತಿದ್ದರು. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕೀಮೋ ಶುರುವಾಯಿತು, ಎರಡನೆಯ ಸುತ್ತಿಗೇ ಕೈಮುಗಿದುಬಿಟ್ಟರು. ತಡೆದುಕೊಳ್ಳುವ ತ್ರಾಣ ಇರುವುದು ಆಪರೇಷನ್‌ಗೆ ಮುಂಚೆ. ಅದಕ್ಕೇ ಮುಂಚೆ ಕೊಡುತ್ತಾರೆ.

ನನ್ನ ಮಾವನ ಕಥೆ ಬೇಡವೇ? ಬ್ರಿಟನ್ನಿನಲ್ಲಿ ಮ್ಯಾಜಿಕ್ ಎಂಬ ಹೆಸರಿನಲ್ಲಿ ನಡೆದ ಚಿಕಿತ್ಸಾ ಪ್ರಯೋಗ ನೋಡಿ, 2006ರದು, 503 ರೋಗಿಗಳು. ಬರೀ ಆಪರೇಷನ್ ಆದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 23. ಮುಂಚೆ ಮೂರು, ಆಮೇಲೆ ಮೂರು ಸುತ್ತು ಕೀಮೋ ಗುಂಪಿನಲ್ಲಿ 36. ಮಜಾ ಇರುವುದು ಇಲ್ಲಿ: ಮುಂಚಿನ ಮೂರನ್ನು ನೂರಕ್ಕೆ 86 ಮಂದಿ ಮುಗಿಸಿದರು, ಆರನ್ನೂ ಮುಗಿಸಿದವರು 42! ಎಲ್ಲರ ಮನೆಯಲ್ಲೂ ಅದೇ ಅರ್ಧ ಇಡ್ಲಿ. ಆಮೇಲೆ ಜರ್ಮನಿಯವರು ಫ್ಲಾಟ್ ಎಂಬ ನಾಲ್ಕು ಔಷಧಗಳ ಜೋಡಣೆ ತಂದು ಫಲಿತಾಂಶವನ್ನು ಇನ್ನೂ ಮೇಲಕ್ಕೆತ್ತಿದರು. ಅಲ್ಲೂ ಮುಂಚೆಯೇ ನಾಲ್ಕು ಸುತ್ತು.

“ಜಪಾನಿನಲ್ಲಿ ಮೊದಲು ಕೊಯ್ಯುತ್ತಾರಲ್ಲ?” ಎಂದು ಇನ್ನೊಬ್ಬ ಪಂಡಿತರು. ಅಲ್ಲಿ ತಪಾಸಣೆ ಮಾಡಿಸಿ ಮೊಳಕೆಯಲ್ಲೇ ಹಿಡಿಯುತ್ತಾರೆ. ನಾವು? ಆರು ತಿಂಗಳು ಗ್ಯಾಸ್ಟ್ರಿಕ್ ಎಂದು ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿ, ಸೋಡಾ ಕುಡಿದು, ತೇಗಿ, ಆಮೇಲೆ ಎಂಡೋಸ್ಕೋಪಿಗೆ ಹೋಗುವವರು! ಅಷ್ಟರಲ್ಲಿ ಕಣ್ಣಿಗೆ ಕಾಣದ ಕಣಗಳು ಎಲ್ಲೆಲ್ಲಿಗೆ ಹೊರಟಿರುತ್ತವೋ. ಅವನ್ನು ಯಾವ ಕತ್ತರಿಯಲ್ಲಿ ಕೊಯ್ಯುತ್ತೀರಿ?

ತೀರಾ ಆರಂಭದ ಗಡ್ಡೆಯಾದರೆ, ರಕ್ತ ಸುರಿಯುತ್ತಿದ್ದರೆ, ಅನ್ನದ ದಾರಿ ಕಟ್ಟಿದ್ದರೆ ಲೆಕ್ಕ ಬೇರೆ. ಅದು ವೈದ್ಯರಿಗೆ ಬಿಟ್ಟದ್ದು. ಸರಿ, ಒಪ್ಪಿಕೊಂಡೆ, ಮುಂದೆ ಹೋಗೋಣ.

ಮುಂಚೆ ಸ್ವಾಮಿ, ಮುಂಚೆ! ಏಕೆ ಎಂದು ಮತ್ತೆ ಕೇಳಿದರೆ ನನ್ನ ಬಳಿ ಹೊಸ ಉತ್ತರವಿಲ್ಲ, ಹಳೆಯದನ್ನೇ ಇನ್ನೂ ಜೋರಾಗಿ ಹೇಳುತ್ತೇನೆ. ಪಕ್ಕದ ಮನೆಯವರು ಆಗಲೇ ಕಿಟಕಿ ಮುಚ್ಚಿಕೊಂಡಾಯಿತು.

ಮುಂದಿನ ವಾರ ಎಂಡೋಸ್ಕೋಪಿ. ಚಂದಾದಾರರಾಗಿ, ಗಂಟೆ ಒತ್ತಿ. ಆ ಕಾಮೆಂಟಿಗೆ ಲೈಕ್ ಕೊಟ್ಟವರೂ ಒತ್ತಿ. ನಿಮ್ಮ ಮೇಲೆ ಸಿಟ್ಟಿದೆ, ಆದರೂ ಲೆಕ್ಕಕ್ಕೆ ಬರುತ್ತೀರಿ.